ಸೇತುವೆಯ ಹಸಿರು ಸಾಲು

೩ ಜನವರಿ ೨೦೧೯
ಮತ್ತೆ ಅದೇ. ಆಫೀಸಿಗೆ ಹೊರಡುವ ಮುಂಚೆ ಕೊನ್ರಾಡರ ಕಾಲಡಿಗೆ ದಿಂಬು, ಕೈಗೆ ಚಹಾ, ರಿಮೋಟ್. ಬಲಗಾಲಿನ ಪ್ಲಾಸ್ಟರ್ ಇನ್ನೂ ನಾಲ್ಕು ವಾರ. ಗಂಡ ಮನೆಯಲ್ಲಿ ಕೂತರೆ ಕುವೈತಿನ ಬ್ನೇದ್ ಅಲ್ ಗಾರ್‌ನ ಈ ಫ್ಲಾಟ್ ಎಷ್ಟು ಚಿಕ್ಕದೆಂದು ಗೊತ್ತಾಗುತ್ತದೆ.

ಬಹ್ರೈನ್‌ನಿಂದ ತಂಗಿ ಮಗ್ದಲೀನಳ ಫೋನ್. ಮಗಳು ಮರೀನಾಳ ಮದುವೆ ಹದಿನೆಂಟಕ್ಕೆ, ಹಿಂದಿನ ಸಂಜೆ ರೋಸ್, ಮದುಮಗಳಿಗೆ ತೆಂಗಿನ ಹಾಲೆರೆಯುವ ಶಾಸ್ತ್ರ. "ಅಕ್ಕ, ನೀನು ಬಾರದೆ ಮದುಮಗಳ ತಲೆಗೆ ತೆಂಗಿನ ಹಾಲು ಹಾಕುವುದಿಲ್ಲ. ವೊವಿಯೊ ಹೇಳುವವರು ಯಾರು?"

ನಿಜ. ಅಮ್ಮ ಹೋದ ಮೇಲೆ ಆ ಹಾಡುಗಳು ಪೂರ್ತಿ ಬರುವುದು ನನಗೊಬ್ಬಳಿಗೇ. ವಿಮಾನದ ಸೀಟಿಗೆ ಇವರ ಕಾಲು ಮಡಚದು. ಬಿಟ್ಟು ಹೋಗಲು ಮನಸ್ಸಿಲ್ಲ...

೪ ಜನವರಿ
"ನಾನು ಡ್ರೈವ್ ಮಾಡ್ತೇನೆ" ಅಂದೆ. ಕೊನ್ರಾಡ್ ಟಿವಿ ಆಫ್ ಮಾಡಿದರು.

"ಕಾರ್ಮೆಲ್, ಸೌದಿ ದಾಟಿ ನಾನೂರು ಕಿಲೋಮೀಟರ್, ಮಾರಾಯ್ತಿ!"

"ಅಲ್ಲಿ ಹೆಂಗಸರು ಓಡಿಸಬಹುದು ಅಂತ ಆಗಿ ಆರು ತಿಂಗಳಾಯ್ತು. ಇಲ್ಲಿ ನಾನು ಇಪ್ಪತ್ತು ವರ್ಷದಿಂದ ಓಡಿಸ್ತಿಲ್ವಾ?"

ಪ್ಲಾಸ್ಟರಿನ ಕಾಲು ನೋಡಿಕೊಂಡರು. ಆಮೇಲೆ ಮೆಲ್ಲಗೆ, "ಹಾಗಾದ್ರೆ ಹಸಿರು ಸಾಲಿಗೆ ನಿನ್ನ ಹೆಸರೂ ಹಾಕು."

ಕೆಲಸದ ಮೇಲೆ ತಿಂಗಳು ತಿಂಗಳು ಸೌದಿಯಿಂದ ಬಹ್ರೈನಿಗೆ ಸಮುದ್ರದ ಮೇಲಿನ ಸೇತುವೆ ದಾಟುವ ಇವರ ಹತ್ತಿರ ಹಸಿರು ಸಾಲಿನ ಕಾರ್ಡ್ ಇದೆ. ಮೊದಲೇ ತಪಾಸಣೆ ಮುಗಿದವರಿಗೆ ಬೇರೆ ಸಾಲು. ಆದರೆ ಕಾರಿನಲ್ಲಿರುವ ಎಲ್ಲರಿಗೂ ಕಾರ್ಡ್ ಬೇಕು.

೧೬ ಜನವರಿ
ಕಾರ್ಡ್ ಬಂತು! ಇವತ್ತು! ಹನ್ನೆರಡು ದಿನ ಫೋನ್ ನೋಡುವುದೇ ಆಯ್ತು, ಏನೂ ಬರೆಯಲಿಲ್ಲ.

೧೭ ಜನವರಿ, ಸಂಜೆ ೫.೧೦
ಗಡಿ ದಾಟಿದೆವು!! ಸೇತುವೆಯ ನಡುವಿನ ದ್ವೀಪದಲ್ಲಿ ಕಾರು ನಿಲ್ಲಿಸಿ ಬರೆಯುತ್ತಿದ್ದೇನೆ.

ಇವರು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮೊದಲ ನೂರು ಕಿಲೋಮೀಟರ್ "ಬ್ರೇಕ್, ಬ್ರೇಕ್". ಆಮೇಲೆ ಗೊರಕೆ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೇ?

ಸೇತುವೆಯ ಮೇಲೆ ವಾರಾಂತ್ಯದ ಸಾಲು, ಕೊನೆಯೇ ಕಾಣದು. ಮೂರು ಗಂಟೆ ಹಿಡಿಯುತ್ತದೆ ಅಂದರು ಪಕ್ಕದ ಕಾರಿನವರು. ರೋಸ್ ಆರೂವರೆಗೆ. ಹಸಿರು ಸಾಲಿಗೆ ತಿರುಗಿಸಿದೆ. ಮುಂದೆ ನಾಲ್ಕೇ ಕಾರು.

ಸೌದಿ ತಪಾಸಣೆ ಗೂಡಿನ ಅಧಿಕಾರಿ ನನ್ನನ್ನು ನೋಡಿದ, ಹಿಂದೆ ನೋಡಿದ. "ಡ್ರೈವರ್ ಎಲ್ಲಿ?" ಅಂತ ಇಂಗ್ಲಿಷಿನಲ್ಲಿ ಕೇಳಿದ.

"ನಾನೇ."

ಕಾರ್ಡ್ ನೋಡಿದ. ಮತ್ತೆ ನನ್ನ ಮುಖ.

"ಕುವೈತಿನಿಂದ?"

"ಹೌದು. ತಂಗಿಯ ಮಗಳ ಮದುವೆ."

ನಕ್ಕುಬಿಟ್ಟ. "ಮಾಶಾಅಲ್ಲಾ! ನನ್ನ ತಾಯಿಯೂ ಕಲೀತಿದ್ದಾರೆ. ಮನೆಯ ಗೇಟಿಗೆ ಎರಡು ಸಲ ಗುದ್ದಿಯಾಯ್ತು. ಯಲ್ಲಾ, ಹೊರಡಿ. ಮದುಮಗಳಿಗೆ ಮಬ್ರೂಕ್!"

ಹಿಂದಿನ ಸೀಟಿನಿಂದ ಕೊನ್ರಾಡರ ಚಪ್ಪಾಳೆ.

೧೮ ಜನವರಿ, ಬೆಳಿಗ್ಗೆ
ಹೊತ್ತಿಗೆ ಸರಿಯಾಗಿ ತಲುಪಿದೆವು. ಮರೀನಾಳ ತಲೆಗೆ ಮೊದಲ ಹಾಲು ಬಿದ್ದಾಗ ವೊವಿಯೊ ಎತ್ತಿದೆ. ಎರಡನೇ ಸಾಲಿಗೆ ನಿಂತುಬಿಟ್ಟೆ. ಅಮ್ಮ... ಮಗ್ದಲೀನ್ ಕೈ ಹಿಡಿದಳು. ಹಾಡಿದೆ. ಹೆಂಗಸರೆಲ್ಲ ದನಿಗೂಡಿಸಿದರು. ಹುಡುಗಿ ಕಣ್ಣಿಗೆ ಹಾಲು ಇಳಿದರೂ ನಗುತ್ತಲೇ ಇದ್ದಳು.

ಕೊನ್ರಾಡ್ ಬಂದವರಿಗೆಲ್ಲ ಸೇತುವೆಯ ಕಥೆ ಹೇಳುತ್ತಿದ್ದಾರೆ. ಹೇಳಿದ ಹಾಗೆಲ್ಲ ಆ ಸಾಲು ಉದ್ದವಾಗುತ್ತಿದೆ. ನನ್ನ ಸ್ಪೀಡೂ.

೨೦ ಜನವರಿ
ಮದುಮಕ್ಕಳು ಹೊರಟಾಯಿತು. ಮನೆ ಭಣಭಣ. ತಿಂಡಿ ಹೊತ್ತಿಗೆ ಮಗ್ದಲೀನ್ ಕೇಳಿದಳು, "ಅಕ್ಕ, ಐವತ್ತಕ್ಕೆ ಡ್ರೈವಿಂಗ್ ಬರ್ತದಾ?"

"ಕಲಿತು ಎಲ್ಲಿಗೆ ಹೋಗ್ತಿ?"

"ಕುವೈತಿಗೆ. ನಿನ್ನ ಮನೆಗೆ. ಯಾರನ್ನೂ ಕಾಯದೆ."

"ಎದುರಿನ ಮೈದಾನ ಖಾಲಿ ಉಂಟು" ಅಂದೆ. ಅವಳು ಸೀರೆ ಬದಲಿಸುವಷ್ಟರಲ್ಲಿ ಎರಡು ಸಾಲು ಬರೆಯೋಣ ಅಂತ ಕೂತೆ. ಕೆಳಗೆ ಹಾರ್ನ್. ಮೇಜಿನ ಮೇಲೆ ಕೀಲಿ ಇಲ್ಲ. ಕಿಟಕಿಯಿಂದ ಬಗ್ಗಿ ನೋಡಿದರೆ ಮಗ್ದಲೀನ್ ಆಗಲೇ ಸ್ಟೀರಿಂಗ್ ಹಿಡಿದು ಕೂತಿದ್ದಾಳೆ, ಬೇಗ ಬಾ ಅಂತ ಕೈಬೀಸುತ್ತ, ಇಂಜಿನ್ನನ್ನೂ ಚಾಲೂ ಮಾಡಿಬಿಟ್ಟಳು—