ಗೆಡ್ಡೆ ತೋರಿದ ಔಷಧಿ

ಕುರುಗೋಡು,
ನವೆಂಬರ್ 2010

ಮುದ್ದು ಕೌಸರ್‌ಗೆ ನಿನ್ನ ಆಪಾ ಮಾಡುವ ಸಲಾಮ್.

ನನ್ನ ಅಂಡಾಶಯದ ಕ್ಯಾನ್ಸರ್ ಮರಳಿ ಬಂದದ್ದನ್ನು ಇಷ್ಟು ದಿನ ನಿನಗೆ ಹೇಳಿರಲಿಲ್ಲ; ಈಗ ಕೇಳಿ ನೀನು ಊಟ ಬಿಟ್ಟಿದ್ದೀಯಂತೆ. ಮೊದಲು ಉಂಡು, ಆಮೇಲೆ ಮುಂದಕ್ಕೆ ಓದು.

ಬಳ್ಳಾರಿಯ ಡಾಕ್ಟರಮ್ಮ ಈ ಸಲ ನನ್ನ ಗೆಡ್ಡೆಯ ಚೂರೊಂದನ್ನು ದೊಡ್ಡ ಲ್ಯಾಬಿಗೆ ಕಳಿಸಿ ಜೀನ್ ಪರೀಕ್ಷೆ ಮಾಡಿಸಿದರು. "ಯಾವ ಔಷಧಿಗೆ ಇದು ಬಗ್ಗತೈತಿ ಅಂತ ಸುಳಿವು ಸಿಗತೈತ್ರಿ" ಎಂದರು. ಅದಿರಿನ ಲಾರಿ ಓಡಿಸುವ ನಿನ್ನ ಭಾವ ಸುಮ್ಮನಿರಬೇಕಲ್ಲ? "ಕಬ್ಬಿಣ ಎಷ್ಟೈತಿ ಅಂತ ನೋಡಾಕ ನಮ್ಮ ಗುಡ್ಡದ ಮಣ್ಣೂ ಹಿಂಗ ಲ್ಯಾಬಿಗೆ ಹೋಗತೈತ್ರಿ ಮೇಡಂ" ಎಂದುಬಿಟ್ಟರು. ಡಾಕ್ಟರಮ್ಮ ನಕ್ಕರು.

ಹೊಸದೇನೋ ಬರೆಯುತ್ತಾರೆಂದು ನಾವು ಕಾದಿದ್ದೆವು. ವರದಿ ನೋಡಿ, "ಜೀನಿನ್ಯಾಗ ಒಂದು ದೋಷ ಐತ್ರಿ, ಅದಕ್ಕ ಹೋದ ಸಲ ಕೊಟ್ಟ ಹಳೇ ಔಷಧಿನೇ ನಿಮಗ ಛಲೋ ತಾಗತೈತಿ" ಎಂದು ಅದನ್ನೇ ಮತ್ತೆ ಶುರುಮಾಡಿದರು. ಮೂರು ತಿಂಗಳಲ್ಲಿ ಗೆಡ್ಡೆ ಅರ್ಧಕ್ಕರ್ಧ ಕುಗ್ಗಿದೆ. ಪೂರ್ತಿ ವಾಸಿಯಾಗುತ್ತದೆ ಎಂದು ಅವರು ಹೇಳಿಲ್ಲ, ನಾನೂ ಕೇಳಿಲ್ಲ. ನಿನ್ನೆ ಎರಡು ರೊಟ್ಟಿ ತಿಂದೆ, ಪಲ್ಯಕ್ಕೆ ಉಪ್ಪು ಕಡಿಮೆ ಎಂದು ನಿನ್ನ ಭಾವನನ್ನು ಬೈದೆ.

ಇನ್ನೊಂದು ಮಾತು. ಆ ಜೀನಿನ ದೋಷ ನನಗೆ ಅಮ್ಮಿಯಿಂದ ಬಂದಿರಬಹುದಂತೆ. ಅಮ್ಮಿಯ ಹೊಟ್ಟೆನೋವೂ ಇದೇ ಆಗಿತ್ತೇನೋ. ನಿನಗೂ ಬಂದಿರಬಹುದು, ಬರದೆಯೂ ಇರಬಹುದು. ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ, ಮೊದಲೇ ತಿಳಿದರೆ ಮೊದಲೇ ಎಚ್ಚರ ವಹಿಸಬಹುದು ಎಂದು ಡಾಕ್ಟರಮ್ಮ ಹೇಳಿದ್ದಾರೆ.

ಸೋಮವಾರ ಸಿರುಗುಪ್ಪದಿಂದ ಬಳ್ಳಾರಿ ಬಸ್ಸು ಹತ್ತು. ನಿನಗೆ ಸೂಜಿಯೆಂದರೆ ಭಯ, ನಾನು ಪಕ್ಕದಲ್ಲೇ ಕೂತಿರುತ್ತೇನೆ. ಆಮೇಲೆ ಬ್ರೂಸ್‌ಪೇಟೆಯಲ್ಲಿ ಇಬ್ಬರಿಗೂ ಒಂದೇ ಬಣ್ಣದ ಸೀರೆ ತೆಗೆಯೋಣ. ಬಣ್ಣ ನಾನೇ ಆರಿಸುತ್ತೇನೆ. ನಿನ್ನೊಡನೆ ಜಗಳವಾಡುವಷ್ಟು ಶಕ್ತಿ ನನಗೀಗ ಬಂದಿದೆ.

ನಿನ್ನ ದಾರಿ ಕಾಯುವ ಆಪಾ,
ರಹೀಮಾಬೀ