ಸಿಂಗಾಲಾಂಗ್ ಬೆಟ್ಟದ ಬಿರುಗಾಳಿ

ಪ್ರೀತಿಯ ಅಮ್ಮನಿಗೆ ಯೆಲ್ನಿಯ ಸಲಾಮುಗಳು.

ನಾವು ಮೂವರೂ ಕ್ಷೇಮವಾಗಿ ಬೆಟ್ಟ ಇಳಿದಿದ್ದೇವೆ. ಬುಡದ ಹಳ್ಳಿಯಲ್ಲಿ ಒಬ್ಬ ಅಜ್ಜಿಯ ಒಲೆಯ ಮುಂದೆ ಬಟ್ಟೆ ಒಣಗಿಸಿಕೊಳ್ಳುತ್ತಿದ್ದೇವೆ. ಬಿರುಗಾಳಿ ನಮ್ಮ ಡೇರೆಯನ್ನು ಹಾರಿಸಿಕೊಂಡು ಹೋಯಿತು, ಹೋಗಲಿ ಬಿಡು.

ಇಳಿಯುವಾಗ ಹಳ್ಳ ಉಕ್ಕಿ ಹರಿಯುತ್ತಿತ್ತು. ದಾಟುವಾಗ ಗೆಳತಿ ರಸ್ನಿ ಕಾಲು ಜಾರಿ ಬಿದ್ದಳು. ನಾನು ಕಿರುಚುವಷ್ಟರಲ್ಲಿ ಹಫ್ರಿಜಾಲ್ ನೀರಿಗೆ ಧುಮುಕಿ ಅವಳ ಬೆನ್ನುಚೀಲವನ್ನು ಹಿಡಿದಿದ್ದ. ಹೌದು, ಗುಡುಗಿಗೆ ಹೆದರುವ ಹುಡುಗನೆಂದು ನೀನು ನಕ್ಕಿದ್ದೆಯಲ್ಲ, ಅವನೇ. ಅವಳನ್ನು ದಡಕ್ಕೆ ಎಳೆದು ತಂದವನೇ ಗಡಗಡ ನಡುಗುತ್ತಾ ಜೋರಾಗಿ ಅತ್ತುಬಿಟ್ಟ.

"ಅಯ್ಯೋ ಮಾರಾಯ, ಮುಳುಗಿದ್ದು ನಾನು, ಅಳೋದು ನೀನಾ?" ಎಂದಳು ರಸ್ನಿ, ಕೆಮ್ಮುತ್ತಲೇ.

"ಹೆದರಿಕೆ ಆಯ್ತು ಕಣೇ. ಗಂಡಸಾದ್ರೆ ಹೆದರಬಾರದಾ?"

ಮಳೆಯಲ್ಲೇ ಕೂತು ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಆಮೇಲೆ ಅವಳ ಚೀಲವನ್ನೂ ಅವನೇ ಹೊತ್ತ. ಗುಡುಗಿದಾಗಲೆಲ್ಲ ನನ್ನ ತೋಳನ್ನು ಹಿಡಿದುಕೊಳ್ಳುತ್ತಿದ್ದ. ನಾನು ಬಿಡಿಸಿಕೊಳ್ಳಲಿಲ್ಲ. ಗುಡುಗು ನಿಂತ ಮೇಲೂ ಬಿಡಿಸಿಕೊಳ್ಳಲಿಲ್ಲ.

ಅಮ್ಮ, ಒಂದು ಕೆಲಸ ಆಗಬೇಕು. ನಮ್ಮಲ್ಲಿ ಹೆಣ್ಣಿನ ಕಡೆಯವರೇ ಹೋಗಿ ಗಂಡನ್ನು ಕೇಳಬೇಕಲ್ಲ? ಸೋದರಮಾವನಿಗೆ ಹೇಳಿ, ವೀಳ್ಯದೆಲೆ ಕೊಟ್ಟು ಹಫ್ರಿಜಾಲನ ಮನೆಗೆ ಕಳಿಸು. ಹುಡುಗನನ್ನು ನಾನೇ ಕೇಳಿಯಾಗಿದೆ, ಒಪ್ಪಿದ್ದಾನೆ. ಮಾವನಿಗೆ ಮಂಡಿನೋವು ಅಂತ ಗೊತ್ತು, ಆದರೂ ಈ ವಾರವೇ ಹೋಗಲಿ. ಮಗಳನ್ನು ನೀರಿನಿಂದ ಎತ್ತಿದವನು ಯಾರೆಂದು ರಸ್ನಿಯ ಅಮ್ಮನಿಗೂ ಇಷ್ಟರಲ್ಲೇ ತಿಳಿಯುತ್ತದೆ. ಆಕೆಯ ಅಣ್ಣನಿಗೆ ಮಂಡಿನೋವಿಲ್ಲ.

ನಿನ್ನ ಮಗಳು,
ಯೆಲ್ನಿ