ಬಾಗಿಲಿಗೆ ಎದುರಿನ ಗೂಡು

ಮಾರ್ಚ್ ಮೊದಲ ದಿನ, ಬೆಳಗ್ಗೆ

ಇವತ್ತೂ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ನಮಸ್ಕಾರಕ್ಕೆ ಬಂದವರು. ಎಲ್ಲರಿಗೂ ರೊಟ್ಟಿ, ಅಂಜೂರ ಹಂಚಿಸಿದೆ. ದೊರೆಗೆ ಈಗ ನನ್ನ ಮಗ ರುಫ್ರಿಯಸ್ ಹೇಳಿದ್ದೇ ಮಾತು — ರೋಮಿಗೆಲ್ಲ ಗೊತ್ತು. ಆದರೂ ಹಳೆ ಮನೆತನದ ಹೆಂಗಸರು ಮೂಗು ಮುರಿಯುತ್ತಾರೆ. ನಮ್ಮ ಗೋಡೆಯ ಮೇಲೆ ಸತ್ತ ಹಿರಿಯರ ಮೇಣದ ಮುಖಗಳಿಲ್ಲವಂತೆ. ಮಾವ ಕತ್ತೆ ವ್ಯಾಪಾರಿ. ಮುಖ ಎಲ್ಲಿಂದ ತರಲಿ?

ಮಾರ್ಚ್ ತಿಂಗಳ ನಡುವಿನ ದಿನ

ಮಗನ ತಲೆ ಅಮೃತಶಿಲೆಯಲ್ಲಿ ಕಡೆದು ಬಂತು. ಬಾಗಿಲಿಗೆ ಎದುರಿನ ಗೂಡಿನಲ್ಲಿ ದೊರೆಯ ತಲೆ. ಬೆಳಗಿನ ಬೆಳಕು ಬೀಳುವುದು ಅಲ್ಲಿಗೇ. ದೊರೆಯದನ್ನು ಮೂಲೆಗೆ ಸರಿಸಿ ಮಗನದನ್ನು ಅಲ್ಲಿಡಲು ಹೇಳಿದೆ. ಬಾಗಿಲು ಕಾಯುವ ಹೈಲಸ್ ಮುಟ್ಟಲೊಲ್ಲ.

"ಅಮ್ಮಾವ್ರೇ, ದೊರೆ ತಲೆ... ರಾಜದ್ರೋಹ ಅಂತಾರೆ."

"ಕಲ್ಲು ಕಣೋ. ಎತ್ತು."

ನಮ್ಮ ರೊಟ್ಟಿ ತಿನ್ನುವ ಫಾನಿಯಸ್ ನೋಡಿ ನಕ್ಕ. "ತಾಯೀ, ದೊರೆ ಮೂಲೆಗೆ, ಮಗ ಬೆಳಕಿಗೆ! ಭೇಷ್!"

ನಾನೂ ನಕ್ಕೆ.

ಏಪ್ರಿಲ್, ಹಬ್ಬದ ಮಾರನೇ ದಿನ

ಅಂಗಳ ಖಾಲಿ. ರೊಟ್ಟಿ ಹಾಗೇ ಉಳಿದಿದೆ. ಫಾನಿಯಸ್ ಆ ಮಾತನ್ನು ಅರಮನೆಯ ಊಟದಲ್ಲಿ ಹೇಳಿ ಎಲ್ಲರನ್ನೂ ನಗಿಸಿದನಂತೆ. ದೊರೆಯೊಬ್ಬನೇ ನಗಲಿಲ್ಲ.

ರುಫ್ರಿಯಸ್ ಬಂದ. ಮುಖದಲ್ಲಿ ರಕ್ತವಿಲ್ಲ.

"ಅಮ್ಮಾ, ಯಾರು ಸರಿಸಿದ್ದು?"

"ಆಳುಗಳಿರಬೇಕು."

"ಆಳುಗಳನ್ನ ಹಿಂಸೆ ಕೊಟ್ಟು ಬಾಯಿ ಬಿಡಿಸ್ತಾರೆ. ಆಮೇಲೆ ಯಾರ ಹೆಸರು ಬರತ್ತೆ, ಹೇಳು?"

ರೊಟ್ಟಿಯ ಬುಟ್ಟಿ ನೋಡುತ್ತಾ ನಿಂತೆ. ಒಂದೇ ಮಾತು ಸಾಕಿತ್ತು. ಜೀವಮಾನವಿಡೀ ಯಾರ ಮುಂದೆಯೂ ತಗ್ಗದ ನಾಲಿಗೆ... ಏಳಲಿಲ್ಲ. ಅವನು ಹೊರಟುಹೋದ. ತಾನೇ ಸರಿಸಿದ್ದು ಎಂದು ಅರಮನೆಯಲ್ಲಿ ಒಪ್ಪಿಕೊಂಡನಂತೆ.

ಎರಡು ದಿನ ಬಿಟ್ಟು

ಪಲ್ಲಕ್ಕಿಯಲ್ಲಿ ಅರಮನೆಗೆ ಹೋದೆ. ಸರಿಸಿದವಳು ನಾನು, ನನ್ನನ್ನು ಹಿಡಿಯಿರಿ ಎಂದೆ. ಕಾವಲಿನವನು ಹಲ್ಲು ಕಿಸಿದ. "ಮಗನ್ನ ಉಳಿಸ್ಕೊಳ್ಳೋಕೆ ಎಲ್ಲಾ ತಾಯಂದ್ರೂ ಹಿಂಗೇ ಅಂತಾರೆ. ಹೋಗಜ್ಜೀ, ಬಿಸ್ಲು ಜಾಸ್ತಿ."

ಮೊದಲೇ ಹೇಳಿದ್ದರೆ ನಂಬುತ್ತಿದ್ದರು.

ಮಾರನೇ ದಿನ

ಮಗನಿಗೆ ಮನೆಯಲ್ಲೇ ಸಾಯಲು ಅಪ್ಪಣೆ ಸಿಕ್ಕಿತು. ದೊರೆಯ ದಯೆಯಂತೆ. ಬಿಸಿನೀರಿನ ತೊಟ್ಟಿಯಲ್ಲಿ ಕೂತು ತಾನೇ ಕೈ ನರ ಕೊಯ್ದುಕೊಂಡ. "ನೀರು ಹದವಾಗಿದೆ ಕಣಮ್ಮ" ಎಂದ. ಬೈದಿದ್ದರೆ ಆಗುತ್ತಿತ್ತು.

ಅದೇ ದಿನ, ಮಧ್ಯಾಹ್ನ

ದ್ರೋಹಿಯ ಮುಖ ಎಲ್ಲೂ ಉಳಿಯಬಾರದೆಂದು ಆಜ್ಞೆ. ಕಲ್ಲಿನದನ್ನು ಒಡೆಯಲಿ. ಗಾರೆ ಕಲಸಿ ಸತ್ತ ಮಗನ ಮುಖದ ಮೇಲೆ ನಾನೇ ಮೆತ್ತಿದೆ. ಗಟ್ಟಿಯಾದರೆ ಅಚ್ಚು. ಅಚ್ಚಿದ್ದರೆ ಮೇಣ ಎಂದಾದರೂ ಎರೆಯಬಹುದು. ಕಾಯಬೇಕು. ಅದಕ್ಕೇ ಬರೆಯುತ್ತಾ ಕೂತಿದ್ದೇನೆ.

"ಅಮ್ಮಾವ್ರೇ, ಸುತ್ತಿಗೆಯವರು ಬಂದವ್ರೆ. ಬಾಗ್ಲು ತೆಗೀಲಾ?"

"ಇರೋ."

ಬೆರಳಿಟ್ಟು ನೋಡಿದೆ. ಹಣೆ ಗಟ್ಟಿ. ಕೆನ್ನೆ ಇನ್ನೂ ಹಸಿ. ಬಾಗಿಲು ಗುದ್ದುತ್ತಿದ್ದಾರೆ. ಇನ್ನು ಸ್ವಲ್ಪ —